ಬೆಂಗಳೂರಿನ ಖಾಲಿ ಬಾಟಲಿಗೆ ದಾರಿ ಮಾಡಿಕೊಟ್ಟವರು

ನಮ್ಮ ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರಕ್ಕೆ ಮೊದಲ ಸಲ ಹೋದಾಗ ಒಬ್ಬರು ಅಮ್ಮ ನೆಲದ ಮೇಲೆ ಕೂತು ಬಾಟಲಿ ಬೇರೆ ಮಾಡುತ್ತಿದ್ದರು. ಕೈಗೆ ಬಂದದ್ದನ್ನು ಒಮ್ಮೆ ಅಮುಕಿ ನೋಡುವುದು, ಮುಚ್ಚಳ ತಿರುವಿ ಬಿಸಾಕುವುದು, ಸಣ್ಣ ಚಾಕುವಿನಲ್ಲಿ ಲೇಬಲ್ ಸೀಳುವುದು, ಬಣ್ಣವಿಲ್ಲದ್ದು ಒಂದು ಚೀಲಕ್ಕೆ, ಹಸಿರು ಇನ್ನೊಂದಕ್ಕೆ. ಒಂದು ಬಾಟಲಿಗೆ ಮೂರ್ನಾಲ್ಕು ಸೆಕೆಂಡ್, ಅಷ್ಟೇ. ಅರ್ಧ ಜ್ಯೂಸ್ ಉಳಿದಿದ್ದ ಬಾಟಲಿ ಸಿಕ್ಕಾಗ ಮಾತ್ರ ಕೈ ನಿಂತಿತು. ಎದ್ದು ಹೋಗಿ ಸುರಿದು ಬಂದರು. "ಇದೊಂದು ಚೀಲದೊಳಗೆ ಚೆಲ್ಲಿದ್ರೆ ಎಲ್ಲಾ ಅಂಟಂಟು. ತಗೊಳ್ಳೋರು ತೂಕದಲ್ಲಿ ಮುರ್ಕೋತಾರೆ" ಎಂದರು.

ಬೆಂಗಳೂರಿನಲ್ಲಿ ಬಾಟಲಿ ಮರುಬಳಕೆ ಅನ್ನುವುದು ಪಾಲಿಕೆ ಶುರು ಮಾಡಿದ ಕೆಲಸ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಅಲ್ಲ. ಪಾಲಿಕೆಗೆ ಒಣ ಕಸ, ಹಸಿ ಕಸ ಅನ್ನುವ ಮಾತೇ ರೂಢಿಯಾಗುವ ಮೊದಲೇ ಈ ಕೆಲಸ ನಡೆಯುತ್ತಿತ್ತು. ಮಾಡುತ್ತಿದ್ದವರು ಚಿಂದಿ ಆಯುವವರು, ಗುಜರಿಯವರು. ಹಳೇ ಪೇಪರ್, ಕಬ್ಬಿಣ, ಗಾಜಿನ ಬಾಟಲಿಗೆ ಅಂತ ಅವರು ಹಾಕಿಕೊಂಡಿದ್ದ ದಾರಿಯಲ್ಲೇ ಪ್ಲಾಸ್ಟಿಕ್ ಬಾಟಲಿಯೂ ಬಂದು ಸೇರಿಕೊಂಡಿತು.

ನೀರು, ಕೂಲ್ ಡ್ರಿಂಕ್ಸ್ ತುಂಬುವ ಈ ತೆಳು ಬಾಟಲಿಯನ್ನು ಮಾಡುವುದು ಪೆಟ್ ಎಂಬ ಪ್ಲಾಸ್ಟಿಕ್‌ನಿಂದ. ಬಾಟಲಿಯ ಅಡಿಯಲ್ಲಿ ತ್ರಿಕೋನದೊಳಗೆ 1 ಅಂತ ಇರುತ್ತದೆ, ನೋಡಿ. 1941ರಲ್ಲಿ ಇಂಗ್ಲೆಂಡಿನಲ್ಲಿ ಇದನ್ನು ಕಂಡುಹಿಡಿದಾಗ ಉದ್ದೇಶ ಇದ್ದದ್ದು ನೂಲು. ಅದೇ ಪಾಲಿಸ್ಟರ್. ಇದರಿಂದ ಬಾಟಲಿ ಮಾಡುವುದಕ್ಕೆ ಅಮೆರಿಕದ ನಥಾನಿಯಲ್ ವೈಯತ್ ಪೇಟೆಂಟ್ ಪಡೆದದ್ದು 1973ರಲ್ಲಿ. ಅಂದರೆ ನಿಮ್ಮ ಪಾಲಿಸ್ಟರ್ ಸೀರೆ, ನೀರಿನ ಬಾಟಲಿ ಎರಡೂ ಒಂದೇ ವಸ್ತು. ಖಾಲಿ ಬಾಟಲಿಯನ್ನು ಕರಗಿಸಿ ಎಳೆದರೆ ಮತ್ತೆ ನೂಲಾಗುತ್ತದೆ, ಅದಕ್ಕೇ ಅದಕ್ಕೆ ಬೆಲೆ.

ಬೆಲೆ ಇದ್ದದ್ದರಿಂದ ಅದು ಬೀದಿಯಲ್ಲಿ ಹೆಚ್ಚು ಹೊತ್ತು ಬಿದ್ದಿರುತ್ತಿರಲಿಲ್ಲ. ಆಯ್ದವರು ಬಡಾವಣೆಯ ಗುಜರಿ ಅಂಗಡಿಗೆ ಕೊಡುತ್ತಿದ್ದರು, ಅಲ್ಲಿಂದ ಕೆ.ಆರ್. ಮಾರ್ಕೆಟ್ ಹತ್ತಿರದ ಜಾಲಿ ಮೊಹಲ್ಲಾಕ್ಕೆ, ಇಲ್ಲವೇ ಮೈಸೂರು ರಸ್ತೆಯ ನಾಯಂಡಹಳ್ಳಿಗೆ. ಒಂದು ಲೀಟರಿನ ನೀರಿನ ಬಾಟಲಿ ಸುಮಾರು 40–50 ಸೇರಿದರೆ ಒಂದು ಕಿಲೋ. ಅಷ್ಟನ್ನು ಬಗ್ಗಿ ಬಗ್ಗಿ ಆರಿಸಬೇಕು, ಅದೂ ಕೊಳೆತ ಅನ್ನ, ಸ್ಯಾನಿಟರಿ ಪ್ಯಾಡ್, ಒಡೆದ ಗಾಜು ಎಲ್ಲ ಕಲೆತ ಕಸದಿಂದ. ಊರಿನ ಕಸದ ಭಾರ ಇಳಿಸುತ್ತಿದ್ದ ಇವರಿಗೆ ಸಂಬಳ ಇರಲಿಲ್ಲ, ಕೈಗವಸು ಇರಲಿಲ್ಲ, ಪೊಲೀಸರು ಹಿಡಿದರೆ ತೋರಿಸಲು ಒಂದು ಚೀಟಿಯೂ ಇರಲಿಲ್ಲ.

ಇವರ ಕಡೆ ಊರು ತಿರುಗಿ ನೋಡಿದ್ದು ಕಸ ಹಾಕಲು ಜಾಗ ಇಲ್ಲದಂತಾದಾಗ. ಯಲಹಂಕದ ಆಚೆಯ ಮಾವಳ್ಳಿಪುರದಲ್ಲಿ ನಮ್ಮ ಕಸ ಬೆಟ್ಟವಾಗಿ ಬೆಳೆದಿತ್ತು. ಬಾವಿ ನೀರು ಕೆಟ್ಟಿತು, ನಾಯಿ ಕಾಟ, ನೊಣದ ಕಾಟ. ಅಲ್ಲಿನ ಜನ ತಿರುಗಿಬಿದ್ದರು, 2012ರಲ್ಲಿ ಅಲ್ಲಿಗೆ ಕಸ ಹೋಗುವುದು ನಿಂತಿತು. ಬೆಂಗಳೂರಿನ ಬೀದಿಗಳಲ್ಲಿ ಕಸ ರಾಶಿ ಬಿತ್ತು, ಹೊರದೇಶದ ಪೇಪರ್‌ಗಳಲ್ಲೂ ಸುದ್ದಿಯಾಯಿತು. ಆಗಲೇ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ವಿಚಾರಣೆಗೆ ಬಂದಿದ್ದು, ಮನೆಯಲ್ಲೇ ಕಸ ಬೇರೆ ಮಾಡಬೇಕು ಎಂಬ ನಿಯಮ 2012ರ ಅಕ್ಟೋಬರ್ 1ರಿಂದ ಬಂದದ್ದು, ಆಗ ಇದ್ದ 198 ವಾರ್ಡುಗಳಲ್ಲೂ ಒಣ ಕಸ ಕೇಂದ್ರ ಇರಬೇಕು ಅಂತ ಕೋರ್ಟು ಹೇಳಿದ್ದು. ಉಳಿದ ಕಸವೆಲ್ಲ ನಗರದಾಚೆಯ ಇನ್ನೊಂದು ಊರು ಮಂಡೂರಿಗೆ ಹೋಯಿತು. ಅಲ್ಲಿನವರೂ ಲಾರಿಗೆ ಅಡ್ಡ ನಿಂತರು, 2014ರ ಡಿಸೆಂಬರ್ ಹೊತ್ತಿಗೆ ಅದೂ ಮುಚ್ಚಿತು. ಈ ಎರಡು ಊರಿನ ಜನ ಬೀದಿಗಿಳಿಯದೇ ಹೋಗಿದ್ದರೆ ಇವತ್ತಿಗೂ ನಾವು ಎಲ್ಲವನ್ನೂ ಒಂದೇ ಕವರಿಗೆ ತುಂಬುತ್ತಿದ್ದೆವು ಅಂತ ನನಗೆ ಅನ್ನಿಸುತ್ತದೆ. ಅವರ ಋಣ ನಮ್ಮ ಮೇಲಿದೆ.

2015ರ ಡಿಸೆಂಬರಿನಲ್ಲಿ ಹೈಕೋರ್ಟ್ ಇನ್ನೂ ಬಿಡಿಸಿ ಹೇಳಿತು: ಎರಡು ಬುಟ್ಟಿ, ಒಂದು ಚೀಲ. ಹಸಿರು ಬುಟ್ಟಿಗೆ ಹಸಿ ಕಸ, ಕೆಂಪು ಬುಟ್ಟಿಗೆ ಪ್ಯಾಡ್, ಡಯಾಪರ್‌ನಂಥವು, ಚೀಲಕ್ಕೆ ಒಣ ಕಸ.

ಇಲ್ಲಿ ಒಂದು ಒಳ್ಳೆಯ ಕೆಲಸ ಆಯಿತು. ಹಸಿರು ದಳದಂಥ ಸಂಘಟನೆಗಳು ಚಿಂದಿ ಆಯುವವರ ಜೊತೆ ನಿಂತು ಅವರಿಗೆ ಪಾಲಿಕೆಯ ಗುರುತಿನ ಚೀಟಿ ಕೊಡಿಸಿದವು. ಬೀದಿಯಲ್ಲಿ ಆಯುತ್ತಿದ್ದವರಲ್ಲೇ ಕೆಲವರು ಒಣ ಕಸ ಕೇಂದ್ರ ನಡೆಸತೊಡಗಿದರು. ಯಾವ ಪ್ಲಾಸ್ಟಿಕ್ ಯಾವುದು ಅಂತ ಶಬ್ದ ಕೇಳಿಯೇ ಹೇಳಬಲ್ಲವರು ಅವರು. ಈ ಕೆಲಸಕ್ಕೆ ಅವರಿಗಿಂತ ಬೇರೆ ಯಾರು ಬೇಕು, ಅಲ್ವಾ?

ಇಷ್ಟೊಂದು ಬೇರೆ ಮಾಡುವುದು ಯಾಕೆ ಅಂದರೆ, ಮುಂದಿನ ಕೆಲಸ ನಿಂತಿರುವುದೇ ಅದರ ಮೇಲೆ. ಬಾಟಲಿಗಳನ್ನು ಒತ್ತಿ ದೊಡ್ಡ ಕಟ್ಟು ಕಟ್ಟಿ ಮರುಬಳಕೆ ಕಾರ್ಖಾನೆಗೆ ಕಳಿಸುತ್ತಾರೆ. ಅಲ್ಲಿ ಚೂರು ಮಾಡಿ ನೀರಿಗೆ ಹಾಕುತ್ತಾರೆ. ಪೆಟ್ ನೀರಿಗಿಂತ ಭಾರ, ತಳಕ್ಕೆ ಹೋಗುತ್ತದೆ. ಮುಚ್ಚಳದ ಪ್ಲಾಸ್ಟಿಕ್ ಹಗುರ, ತೇಲುತ್ತದೆ. ಮೇಲಿಂದ ಬಾಚಿಕೊಂಡರೆ ಆಯಿತು. ತೊಂದರೆ ಕೊಡುವುದು ಪಿವಿಸಿ ಎಂಬ ಇನ್ನೊಂದು ಪ್ಲಾಸ್ಟಿಕ್‌ನ ಲೇಬಲ್. ಅದೂ ಪೆಟ್ ಜೊತೆಗೇ ಮುಳುಗುತ್ತದೆ, ಆದರೆ ಪೆಟ್ ಕರಗುವ ಸುಮಾರು 250–260 ಡಿಗ್ರಿ ಬಿಸಿಗೆ ಸುಟ್ಟು, ಆಮ್ಲದ ಹೊಗೆ ಬಿಟ್ಟು, ಇಡೀ ಮಾಲನ್ನೇ ಹಳದಿ ಮಾಡುತ್ತದೆ. ಆ ಅಮ್ಮನ ಚಾಕು ಲೇಬಲ್ ಮೇಲೆ ಓಡುತ್ತಿದ್ದದ್ದು ಇದಕ್ಕೇ.

ಇನ್ನು ಬೆಲೆಯ ವಿಷಯ. ಕಚ್ಚಾ ತೈಲ ಅಗ್ಗವಾದರೆ ಹೊಸ ಪ್ಲಾಸ್ಟಿಕ್ ಅಗ್ಗ, ಆಗ ಹಳೇ ಬಾಟಲಿಯನ್ನು ಕೇಳುವವರು ಕಮ್ಮಿ. 2014ರ ಮಧ್ಯದಲ್ಲಿ 100 ಡಾಲರ್ ದಾಟಿದ್ದ ಒಂದು ಪೀಪಾಯಿ ತೈಲ 2016ರ ಶುರುವಿಗೆ 30ಕ್ಕೂ ಕೆಳಗೆ ಬಿತ್ತು. ಒಣ ಕಸ ಕೇಂದ್ರಗಳು ಕಾಲೂರುತ್ತಿದ್ದ ಹೊತ್ತು ಅದು. ತೆರಿಗೆಯೂ ಹಾಗೇ ಓಲಾಡಿತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಪ್ಲಾಸ್ಟಿಕ್ ಗುಜರಿಗೆ ಶೇ 18, ಕೆಲವೇ ತಿಂಗಳಲ್ಲಿ ಶೇ 5, 2021ರ ಅಕ್ಟೋಬರಿನಿಂದ ಮತ್ತೆ ಶೇ 18. ಮೇಲೆ ಏನೇ ಏರುಪೇರಾದರೂ ಕೊನೆಗೆ ಕಡಿತ ಆಗುವುದು ಕೆಳಗೆ ಕೂತು ಆಯುವವರ ಕಿಲೋ ದರದಲ್ಲಿ. ಇದು ಅನ್ಯಾಯ.

2022ರಿಂದ ಆಟ ಸ್ವಲ್ಪ ಬದಲಾಗಿದೆ. ಅಲ್ಲಿಯವರೆಗೆ ಹಳೇ ಬಾಟಲಿಯಿಂದ ಮತ್ತೆ ಆಹಾರದ ಬಾಟಲಿ ಮಾಡುವ ಹಾಗಿರಲಿಲ್ಲ, ಬಹುಪಾಲು ನೂಲಿಗೇ ಹೋಗುತ್ತಿತ್ತು. 2023ರ ಫೆಬ್ರವರಿಯಲ್ಲಿ ಬೆಂಗಳೂರಿನ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿಗೆ ಕೊಟ್ಟ ನೀಲಿ ಜಾಕೆಟ್ ನೆನಪಿದೆಯಾ? ಅದು ಅಂಥ ನೂಲಿನದ್ದೇ. 2022ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಷರತ್ತು ಹಾಕಿ ಬಾಟಲಿಯಿಂದ ಬಾಟಲಿಗೆ ದಾರಿ ಬಿಟ್ಟಿತು. ಅದೇ ವರ್ಷ ಉತ್ಪಾದಕರ ಹೊಣೆಗಾರಿಕೆಯ ನಿಯಮವೂ, ಅಂದರೆ ಪ್ಲಾಸ್ಟಿಕ್ ಪ್ಯಾಕಿಂಗ್ ಮಾರುಕಟ್ಟೆಗೆ ಬಿಟ್ಟ ಕಂಪನಿಯೇ ಅದರ ಮರುಬಳಕೆಗೂ ಹೊಣೆ ಎಂಬ ನಿಯಮವೂ, ಬಿಗಿಯಾಯಿತು. ಅದರ ಪ್ರಕಾರ ಗಟ್ಟಿ ಪ್ಲಾಸ್ಟಿಕ್ ಪ್ಯಾಕಿಂಗ್‌ನಲ್ಲಿ 2025–26ರಿಂದ ಶೇ 30 ಮರುಬಳಕೆಯ ಪ್ಲಾಸ್ಟಿಕ್ ಇರಬೇಕು, 2028–29ಕ್ಕೆ ಶೇ 60.

ಇದರಿಂದ ಚೊಕ್ಕ ಬಾಟಲಿಗೆ ಬೇಡಿಕೆ ಜಾಸ್ತಿ ಆಗಲೇಬೇಕು. ಆದರೆ ಆ ನಿಯಮದಲ್ಲಿ ಇಷ್ಟು ಪ್ಲಾಸ್ಟಿಕ್ ಮರುಬಳಕೆಯಾಯಿತು ಅಂತ ತೋರಿಸಲು ಕಂಪನಿಗಳು ಕೊಳ್ಳುವ ಸರ್ಟಿಫಿಕೇಟ್ ಹುಟ್ಟುವುದು ನೋಂದಾಯಿತ ಮರುಬಳಕೆ ಕಾರ್ಖಾನೆಯಲ್ಲಿ. ಆ ಹಣದಲ್ಲಿ ಆಯುವವರಿಗೆ, ಕೇಂದ್ರ ನಡೆಸುವವರಿಗೆ ಇಷ್ಟು ಸೇರಬೇಕು ಅಂತ ಕಟ್ಟಿಟ್ಟ ಪಾಲಿಲ್ಲ. 2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆಲ್ಲ ಒಂದೇ ಪಾಲಿಕೆಯಾಗಿದ್ದ ಬಿಬಿಎಂಪಿ ಹೋಗಿ ಐದು ಪಾಲಿಕೆ ಬಂದಿವೆ. ಕಸದ ಲೆಕ್ಕ ಹೊಸದಾಗಿ ಬರೆಯುವಾಗ ಈ ಪಾಲನ್ನೂ ಬರೆದುಬಿಡಲಿ ಅನ್ನುವುದು ನನ್ನ ಆಸೆ.

ಹೊರಡುವ ಮುಂಚೆ ಆ ಅಮ್ಮನನ್ನು ಕೇಳಿದೆ, ಮನೆಯವರು ಏನು ಮಾಡಿದರೆ ನಿಮಗೆ ಅನುಕೂಲ ಅಂತ. "ಖಾಲಿ ಮಾಡಿ, ಒಂದ್ಸಲ ನೀರಾಡಿಸಿ ಕೊಟ್ರೆ ಸಾಕು. ಲೇಬಲ್ ನಾವೇ ಕೀಳ್ತೀವಿ" ಎಂದು ಮುಂದಿನ ಬಾಟಲಿ ಕೈಗೆತ್ತಿಕೊಂಡರು.