ಜೌಗಿಗೆ ಜೆಸಿಬಿ ತರಬೇಡಿ

ಸರಸ್ವತಿಪುರಂನ ನನ್ನ ಪುಟ್ಟ ಕಚೇರಿಗೆ ಮಣ್ಣಿನ ವಿಚಾರ ಕೇಳಲು ಬರುವವರಲ್ಲಿ ಅರ್ಧ ಜನ ಸಲಹೆಗೆ ಮೊದಲೇ ಜೆಸಿಬಿಗೆ ಮುಂಗಡ ಕೊಟ್ಟು ಬಂದಿರುತ್ತಾರೆ. ಕೆರೆಯಾಗಲಿ, ಹಳ್ಳವಾಗಲಿ, ಜೌಗಾಗಲಿ, ಪುನಶ್ಚೇತನವೆಂದರೆ ಅವರಿಗೆ ಅಗೆತ. ಅಗೆದ ಮೇಲೆ ಸುತ್ತ ಒಂದು ನಡಿಗೆ ಪಥ, ನಾಲ್ಕು ಸಿಮೆಂಟ್ ಬೆಂಚು. ಕೆರೆಯ ಮಟ್ಟಿಗೆ ಈ ಹುಚ್ಚನ್ನು ಒಂದಿಷ್ಟು ಸಹಿಸಬಹುದು. ಪೀಟ್ ಜೌಗಿನ, ಅಂದರೆ ಅರೆಕೊಳೆತ ಗಿಡಗಳೇ ಮಣ್ಣಾಗಿ ಕೂತ ಜೌಗಿನ ಮಟ್ಟಿಗೆ ಸಹಿಸಲಾಗದು.

ಕಳೆದ ವರ್ಷ ಪಾಂಡವಪುರದ ಕಡೆಯ ಯುವಕನೊಬ್ಬ ಬಂದಿದ್ದ. ನೀಲಗಿರಿ ಬೆಟ್ಟದ ಮೇಲೆ ಸ್ನೇಹಿತರ ಜೊತೆ ಪಾಲಿನಲ್ಲಿ ಹಳೆಯ ತರಕಾರಿ ಹೊಲವೊಂದನ್ನು ಕೊಂಡಿದ್ದ. ಅದರ ತಗ್ಗಿನಲ್ಲಿ ಹಿಂದೊಮ್ಮೆ ಜೌಗಿತ್ತು. ಆಲೂಗಡ್ಡೆ, ಕ್ಯಾರೆಟ್ ಬೆಳೆಯಲು ಯಾರೋ ಬಸಿಗಾಲುವೆ ತೋಡಿ ಒಣಗಿಸಿದ್ದರು. ಕಪ್ಪು ನೆಲ ಕುಸಿಯುತ್ತಿತ್ತು, ಬೇಸಿಗೆಯಲ್ಲಿ ಬಿರುಕು ಬಿಡುತ್ತಿತ್ತು. ಹುಡುಗನ ಉದ್ದೇಶ ಒಳ್ಳೆಯದೇ. "ಮೊದಲು ಹೇಗಿತ್ತೋ ಹಾಗೆ ಮಾಡಬೇಕು ಸರ್. ಹತ್ತು ಅಡಿ ಹೂಳು ತೆಗೆಸಿದರೆ ನೀರು ನಿಲ್ಲುತ್ತದೆ. ಆ ಕಪ್ಪು ಮಣ್ಣನ್ನು ಲಾರಿಯಲ್ಲಿ ತಂದು ನಮ್ಮ ಕಬ್ಬಿನ ಗದ್ದೆಗೆ ಹೊಡೆಸುತ್ತೇನೆ" ಎಂದ.

ಅದು ಹೂಳಲ್ಲ, ಪೀಟ್ ಎಂದು ಅಂದು ನಾಲ್ಕು ಸಲ ಹೇಳಿದೆ. ಇಲ್ಲಿ ಐದನೆಯ ಸಲ ಹೇಳುತ್ತೇನೆ.

ಕೆರೆ ಒಂದು ಪಾತ್ರೆ. ಏರಿ, ತೂಬು, ಕೋಡಿ ಕಟ್ಟಿದವರು ಮನುಷ್ಯರು. ಅದರೊಳಗೆ ಮಳೆನೀರು ಹೊತ್ತು ತಂದ ಗೋಡು ತುಂಬುತ್ತದೆ. ಎತ್ತಿದರೆ ಪಾತ್ರೆ ಖಾಲಿಯಾಗಿ ಮತ್ತೆ ನೀರಿಗೆ ಜಾಗವಾಗುತ್ತದೆ. ಪೀಟ್ ಹೊರಗಿನಿಂದ ಹರಿದು ಬಂದದ್ದಲ್ಲ, ಅಲ್ಲೇ ಹುಟ್ಟಿ ಅಲ್ಲೇ ಸತ್ತ ಗಿಡಗಳ ರಾಶಿ. ಯುರೋಪಿನ ಜೌಗುಗಳಲ್ಲಿ ಅದು ಹೆಚ್ಚಾಗಿ ಸ್ಫ್ಯಾಗ್ನಂ ಎಂಬ ಪಾಚಿ. ನೀಲಗಿರಿಯಲ್ಲಿ ಹುಲ್ಲು ಮತ್ತು ಜೇಕು, ಅಂದರೆ ನಮ್ಮ ಗದ್ದೆಯ ಕೊನ್ನಾರಿಯ ದಾಯಾದಿಗಳು. ನೀರಿನಡಿ ಗಾಳಿಯಾಡದ್ದರಿಂದ ಅವು ಪೂರ್ತಿ ಕೊಳೆಯದೆ ಪದರ ಪದರವಾಗಿ ಕೂರುತ್ತವೆ. ಹಸಿ ಪೀಟಿನ ತೂಕದಲ್ಲಿ ನೂರಕ್ಕೆ ತೊಂಬತ್ತರಷ್ಟು ನೀರೇ. ಅಲ್ಲಿ ಬೇರೆ ಪಾತ್ರೆ ಎಂಬುದಿಲ್ಲ. ನೀರನ್ನು ಹಿಡಿದಿರುವುದು ಆ ಕಪ್ಪು ಮಣ್ಣೇ. ಅದನ್ನು ಎತ್ತಿದಿರೋ, ಜೌಗನ್ನೇ ಎತ್ತಿ ಲಾರಿಗೆ ಹಾಕಿದಿರಿ. ಉಳಿಯುವುದು ಗುಂಡಿ. ಪೀಟ್ ಬೆಳೆಯುವುದು ವರ್ಷಕ್ಕೆ ಸುಮಾರು ಒಂದು ಮಿಲಿಮೀಟರ್, ಹಲವೆಡೆ ಅಷ್ಟೂ ಇಲ್ಲ. ಹತ್ತು ಅಡಿ ಪೀಟ್ ನಿಜಕ್ಕೂ ಇದ್ದರೆ ಅದು ಕನಿಷ್ಠ ಮೂರು ಸಾವಿರ ವರ್ಷದ ಗಳಿಕೆ.

ಹುಡುಗನಿಗೆ ನಾಟಲಿಲ್ಲ. ಅವನ ತಂದೆಗೆ ನಾಟಿತು. ಅವರ ಮನೆಗೆ ಹೋದಾಗ ಹಿತ್ತಿಲಲ್ಲಿ ಜೋಳದ ರಸಮೇವಿನ, ಅಂದರೆ ಗಾಳಿಯಾಡದಂತೆ ಮುಚ್ಚಿಟ್ಟ ಹಸಿಮೇವಿನ ಗುಂಡಿಗೆ ಪ್ಲಾಸ್ಟಿಕ್ ಹೊದಿಸಿ ಮೇಲೆ ಹಳೆಯ ಟೈರು ಹೇರಿದ್ದರು. "ಯಜಮಾನರೇ, ಈ ಹೊದಿಕೆ ತೆಗೆದು ಒಂದು ತಿಂಗಳು ಹಾಗೇ ಬಿಟ್ಟರೆ?" ಎಂದೆ. "ಬಿಸಿಯಾಗಿ, ಬೂಷ್ಟು ಹಿಡಿದು, ಕುಗ್ಗಿ ಹೋಗುತ್ತದೆ ಸ್ವಾಮಿ. ಹಸು ಮೂಸಿಯೂ ನೋಡುವುದಿಲ್ಲ" ಎಂದರು. ಬಸಿಗಾಲುವೆ ತೋಡುವುದೆಂದರೆ ಆ ಹೊದಿಕೆ ತೆಗೆದ ಹಾಗೆ. ಗಾಳಿ ಒಳಹೊಕ್ಕು ಸಾವಿರಾರು ವರ್ಷದ ಕೂಡಿಕೆ ಇಂಗಾಲದ ಡೈಆಕ್ಸೈಡ್ ಆಗಿ ಹಾರಿಹೋಗುತ್ತದೆ, ನೆಲ ಕುಗ್ಗುತ್ತದೆ.

ಎಷ್ಟು ಕುಗ್ಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನಲ್ಲೊಂದು ಸಾಕ್ಷಿಗಂಬವಿದೆ. ವಿಟಲ್ಸಿ ಮಿಯರ್ ಎಂಬ ದೊಡ್ಡ ಸರೋವರವನ್ನು 1851ರಲ್ಲಿ ಬರಿದು ಮಾಡಿದಾಗ ಪಕ್ಕದ ಹೋಮ್ ಫೆನ್‌ನ ಪೀಟ್‌ನಲ್ಲಿ ಎರಕದ ಕಬ್ಬಿಣದ ಕಂಬವೊಂದನ್ನು ತಲೆ ನೆಲಮಟ್ಟಕ್ಕೆ ಬರುವಂತೆ ಹೂತರು. ಮೊದಲ ಹತ್ತು ವರ್ಷದೊಳಗೇ ಒಂದು ಮೀಟರ್‌ಗೂ ಹೆಚ್ಚು ಕಂಬ ಹೊರಗೆ ಬಂತು. ಈಗ ಸುಮಾರು ನಾಲ್ಕು ಮೀಟರ್ ಹೊರಗೆ ನಿಂತಿದೆ. ಕಂಬ ಮೇಲೇಳಲಿಲ್ಲ, ನೆಲ ಇಳಿಯಿತು; ಆ ಪ್ರದೇಶ ಇಂದು ಸಮುದ್ರಮಟ್ಟಕ್ಕಿಂತ ಕೆಳಗಿದೆ.

ಮಂಡ್ಯದವರ ತಪ್ಪು ತಿಳಿವಳಿಕೆಗೆ ಕಾರಣವಿದೆ, ಅದಕ್ಕೇ ನನಗೆ ಸಿಟ್ಟಿಗಿಂತ ಅಕ್ಕರೆ ಜಾಸ್ತಿ. ಕನ್ನಂಬಾಡಿ ಕಟ್ಟೆಯಾಗಿ ವಿಶ್ವೇಶ್ವರಯ್ಯ ನಾಲೆಯಲ್ಲಿ ನೀರು ಹರಿದ ಮೇಲೆ ತಗ್ಗಿನ ಗದ್ದೆಗಳಲ್ಲಿ ಜೌಗು ಹಿಡಿಯಿತು, ಚೌಳು ಎದ್ದಿತು. ಅದು ನಿಜವಾದ ರೋಗ, ಅದಕ್ಕೆ ಬಸಿಗಾಲುವೆಯೇ ಮದ್ದು. ಹಾಗಾಗಿ ಜೌಗು ಎಂಬ ಮಾತು ಕಿವಿಗೆ ಬಿದ್ದರೆ ಕೈ ಗುದ್ದಲಿಗೆ ಹೋಗುತ್ತದೆ. ಆದರೆ ನಾಲೆಯ ಜೌಗಿಗೆ ನೂರು ವರ್ಷವೂ ಆಗಿಲ್ಲ. ನೀಲಗಿರಿಯ ಪೀಟ್ ಅದಕ್ಕೆ ಅಜ್ಜನ ಅಜ್ಜ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು 1993ರಲ್ಲಿ ಅಲ್ಲಿನ ಪೀಟ್ ಪದರಗಳಲ್ಲಿರುವ ಇಂಗಾಲವನ್ನು ಪರೀಕ್ಷಿಸಿ, ಸುಮಾರು ಇಪ್ಪತ್ತು ಸಾವಿರ ವರ್ಷಗಳಲ್ಲಿ ಮುಂಗಾರು ಬಲಗೊಂಡ, ಸೊರಗಿದ ಕಥೆಯನ್ನು ಓದಿ ತೋರಿಸಿದರು. ಅಂಥ ದಫ್ತರದ ಮೇಲೆ ಕ್ಯಾರೆಟ್ ಬೆಳೆದೆವು. ಸುತ್ತಲಿನ ಹುಲ್ಲುಗಾವಲಿನಲ್ಲಿ ವ್ಯಾಟಲ್ ಮತ್ತು ನೀಲಗಿರಿ ಮರ ನೆಟ್ಟೆವು. ಆಸ್ಟ್ರೇಲಿಯಾದ ಮರಕ್ಕೆ ಆ ಬೆಟ್ಟದ್ದೇ ಹೆಸರು ಕೊಟ್ಟಿದ್ದೇವೆ, ಇರಲಿ.

ಹಾಗಾದರೆ ಮಾಡಬೇಕಾದದ್ದೇನು? ಕಾಲುವೆ ಮುಚ್ಚುವುದು, ಅಷ್ಟೇ. ಇಳಿಜಾರಿನಲ್ಲಿ ಮೇಲಿನಿಂದ ಕೆಳಕ್ಕೆ ಅಲ್ಲಲ್ಲಿ ಹಲಗೆ ಅಥವಾ ಅದೇ ಜಾಗದ ಹಸಿ ಪೀಟ್‌ನಿಂದ ಒಡ್ಡು ಹಾಕಬೇಕು. ಒಂದೇ ದೊಡ್ಡ ಕಟ್ಟೆ ಕಟ್ಟಿದರೆ ಮೊದಲ ದೊಡ್ಡ ಮಳೆಗೆ ಕೊಚ್ಚಿಹೋಗುತ್ತದೆ. ಚಿಕ್ಕವು ಹಲವು ಇರಲಿ. ನೀರು ನೆಲದ ಮೇಲೆ ಕೆರೆಯಂತೆ ನಿಲ್ಲಬೇಕಿಲ್ಲ, ಮೇಲ್ಮೈಗೆ ಒಂದು ಗೇಣಿನೊಳಗೆ ಬಂದರೆ ಸಾಕು. ತೀರ ಒಣಗಿದ ಪೀಟ್ ನೀರನ್ನು ಹೀರುವುದಿಲ್ಲ, ಎಣ್ಣೆ ಹಚ್ಚಿದ ಕೈಯಂತೆ ಜಾರಿಸಿಬಿಡುತ್ತದೆ. ಅಲ್ಲಿ ವರ್ಷಗಟ್ಟಲೆ ಕಾಯಬೇಕು. ಮತ್ತೆ ಹಸಿಯಾದ ಜೌಗು ಒಂದಿಷ್ಟು ಮೀಥೇನ್ ಬಿಡುವುದೂ ಉಂಟು. ಒಟ್ಟು ಲೆಕ್ಕದಲ್ಲಿ ಒಣಗಿಸಿಡುವುದಕ್ಕಿಂತ ಅದೇ ವಾಸಿ ಎಂಬುದು ಬಹುತೇಕ ತಜ್ಞರ ಮತ, ನನ್ನದೂ ಹೌದು. ಕಳೆದುಹೋದ ಪದರವಂತೂ ನಮ್ಮ ಜೀವಮಾನದಲ್ಲಿ ಹಿಂದಿರುಗದು. ಉಳಿದದ್ದು ಉಳಿಯಲಿ ಎಂಬುದಷ್ಟೇ ನಾನು ಕೊಡಬಲ್ಲ ಭರವಸೆ, ಅದನ್ನೂ ಜಾಗ ನೋಡಿ, ಸಲಾಕೆ ಇಳಿಸಿ ಆಳ ಅಳೆದ ಮೇಲೆ. ಅಲ್ಲಿನ ಅರಣ್ಯ ಮತ್ತು ಕಂದಾಯ ಕಚೇರಿಯವರನ್ನು ಕೇಳದೆ ಒಂದು ಹಲಗೆಯನ್ನೂ ನೆಡಬೇಡಿ.

ಇಷ್ಟೆಲ್ಲ ಕೇಳಿದ ಯಜಮಾನರು ಕೊನೆಗೊಂದು ಪ್ರಶ್ನೆ ಹಾಕಿದರು. "ಅಲ್ಲ ಸ್ವಾಮಿ, ಅಲ್ಲಿ ತಡೆದ ನೀರು ನಮ್ಮ ಕಟ್ಟೆಗೆ ಬರುತ್ತದೆಯೇ?" ಇಲ್ಲ, ಭವಾನಿ ಸೇರಿ ಮೆಟ್ಟೂರಿನ ಕೆಳಗೆ ಕಾವೇರಿಗೆ ಬೀಳುತ್ತದೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಾಗಾದರೆ ಅವರು ನಮ್ಮನ್ನು ಕೇಳುವುದಾದರೂ ಅಷ್ಟು ಕಡಿಮೆಯಾಗಲಿ" ಎಂದು ಎದ್ದರು. ಮಳೆಗಾಲಕ್ಕೆ ಮೊದಲೇ ಬೆಟ್ಟಕ್ಕೆ ಹೋಗಿ ತಾವೇ ನಿಂತು ಒಡ್ಡು ಹಾಕಿಸಿದರು. ನೀರಿನ ಮಟ್ಟ ನೋಡಲು ನಾನು ನೆಡಿಸಿದ ತೂತುಕೊಳವೆಗೆ ಕೋಲು ಇಳಿಸಿ ಪ್ರತಿ ಭಾನುವಾರ ಫೋನ್ ಮಾಡುತ್ತಾರೆ. ಸೆಂಟಿಮೀಟರ್‌ನಲ್ಲಿ ಹೇಳಿ ಎಂದರೆ ಕೇಳುವುದಿಲ್ಲ. ಹೋದ ವಾರ ನೀರು ನೆಲದಿಂದ ಒಂದು ಗೇಣು ನಾಲ್ಕು ಬೆರಳು ಕೆಳಗಿತ್ತಂತೆ. ಮಗ ಪಕ್ಕದಿಂದ, ಜೆಸಿಬಿಯವನು ಮುಂಗಡ ವಾಪಸು ಕೊಡುತ್ತಿಲ್ಲ ಎಂದು ಕೂಗುತ್ತಿದ್ದ.