ಕಡಲ ಮುನ್ಸೂಚನೆಯ ಸರಿ-ತಪ್ಪು ನೋಡುವುದು ಹೇಗೆ?

ಇವತ್ತು ಮಳೆ ಅಂದಿದ್ದರು, ಬರಲಿಲ್ಲ. ಅಂಗಳಕ್ಕೆ ಬಂದು ನಿಂತರೆ ಸಾಕು, ಮುನ್ಸೂಚನೆ ತಪ್ಪಿದ್ದು ಗೊತ್ತಾಗುತ್ತದೆ. ಆದರೆ ಕಡಲಲ್ಲಿ 500 ಮೀಟರ್ ಆಳದ ನೀರು ನಾಳೆ ಎಷ್ಟು ಬೆಚ್ಚಗಿರುತ್ತದೆ ಎಂದು ಕಂಪ್ಯೂಟರ್ ಹೇಳಿದರೆ, ಇಳಿದು ನೋಡುವವರು ಯಾರು?

ಮೊದಲೆಲ್ಲ ಹಡಗು ಹೋದ ದಾರಿಯಲ್ಲಷ್ಟೇ ಅಳತೆ ಸಿಗುತ್ತಿತ್ತು. 1992ರಲ್ಲಿ ಹಾರಿದ ಟೋಪೆಕ್ಸ್/ಪೊಸೈಡನ್ ಉಪಗ್ರಹ ಕಡಲ ಮಟ್ಟದ ಏರಿಳಿತ ತೋರಿಸಿತು. ಪ್ರವಾಹಗಳ, ದೊಡ್ಡ ಸುಳಿಗಳ ಜಾಡು ಸಿಕ್ಕಿತು. ಆಳ ಮಾತ್ರ ಕತ್ತಲಾಗಿಯೇ ಉಳಿಯಿತು.

ಆ ಕತ್ತಲೆಗೆ ಇಳಿದದ್ದು ಆರ್ಗೋ ತೇಲುಯಂತ್ರಗಳು. ಇವು ಸುಮಾರು 1000 ಮೀಟರ್ ಆಳದಲ್ಲಿ ತೇಲುತ್ತಾ ಇರುತ್ತವೆ. ಹತ್ತು ದಿನಕ್ಕೊಮ್ಮೆ 2000 ಮೀಟರಿಗೆ ಇಳಿದು, ಮೇಲೇರುತ್ತಾ ನೀರಿನ ಉಷ್ಣತೆ, ಉಪ್ಪಿನಂಶ ಅಳೆದು ಉಪಗ್ರಹಕ್ಕೆ ಕಳಿಸುತ್ತವೆ. 2007ರ ನವೆಂಬರಿಗೆ ಇವುಗಳ ಸಂಖ್ಯೆ 3000 ಮುಟ್ಟಿತು. ಭಾರತದ ತೇಲುಯಂತ್ರಗಳ ಮಾಹಿತಿಯನ್ನು ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ನೋಡಿಕೊಳ್ಳುತ್ತದೆ.

ಅಳತೆ ಬಂತು, ಜೊತೆಗೆ ತೊಡಕೂ ಬಂತು. ಅದೇ ಅಳತೆಯನ್ನು ಮಾದರಿಗೆ, ಅಂದರೆ ಕಡಲ ಮುನ್ಸೂಚನೆಯ ಲೆಕ್ಕ ಹಾಕುವ ಕಂಪ್ಯೂಟರ್ ಪ್ರೋಗ್ರಾಂಗೆ, ಉಣಿಸಿ, ಅದನ್ನೇ ಇಟ್ಟುಕೊಂಡು ಪರೀಕ್ಷೆ ಮಾಡಿದರೆ ಮೊದಲೇ ಉತ್ತರ ಹೇಳಿಕೊಟ್ಟಂತೆ ಅಲ್ವಾ? ಹಾಗಾಗಿ ಮುನ್ಸೂಚನೆ ಹೊರಟ ಮೇಲೆ ಬಂದ ಅಳತೆಗಳಿಗೇ ಹೆಚ್ಚು ಬೆಲೆ. ಗೊಡೇ ಎಂಬ ಅಂತರರಾಷ್ಟ್ರೀಯ ಯೋಜನೆ ಇದಕ್ಕೊಂದು ಕ್ರಮ ಹಾಕಿತು. ತೇಲುಯಂತ್ರ ಎಲ್ಲಿ, ಯಾವಾಗ ಅಳೆಯಿತೋ, ಸರಿಯಾಗಿ ಅಲ್ಲಿಗೆ, ಆ ಹೊತ್ತಿಗೆ ಪ್ರತಿ ಮಾದರಿ ಏನು ಹೇಳಿತ್ತು ಎಂದು ನೋಡುವುದು. ಇದಕ್ಕೆ 'ಕ್ಲಾಸ್ 4' ಎಂದು ಹೆಸರು. ಆಸ್ಟ್ರೇಲಿಯಾ, ಕೆನಡಾ, ಫ್ರಾನ್ಸ್, ಬ್ರಿಟನ್, ಅಮೆರಿಕ ತಮ್ಮ ಮಾದರಿಗಳನ್ನು ಒಂದೇ ಅಳತೆಗೋಲಿಗೆ ಒಡ್ಡಿದವು. ನನಗೆ ಇದು ತುಂಬ ದೊಡ್ಡ ಹೆಜ್ಜೆ ಅನ್ನಿಸುತ್ತದೆ. ತಮ್ಮ ತಪ್ಪನ್ನು ಬೇರೆಯವರ ಮುಂದೆ ಇಡುವುದು ಸುಲಭವಲ್ಲ.

'ನಾಳೆಯೂ ಇವತ್ತಿನಂತೆಯೇ' ಅನ್ನುವ ಸರಳ ಊಹೆಯನ್ನಾದರೂ ಮಾದರಿ ಮೀರಿಸಬೇಕು. ಕಡಲು ನಿಧಾನವಾಗಿ ಬದಲಾಗುವುದರಿಂದ ಇದೇ ಕಷ್ಟದ ಪರೀಕ್ಷೆ.

ಇನ್ನೊಂದು ಪೇಚು ಸುಳಿಗಳದ್ದು. ಮಾದರಿ ಸುಳಿಯನ್ನು ಸರಿಯಾಗಿ ಊಹಿಸಿ, ಜಾಗವನ್ನು ಸ್ವಲ್ಪ ಪಕ್ಕಕ್ಕೆ ತೋರಿಸಿತು ಅನ್ನಿ. ಇಲ್ಲದ ಕಡೆ ತೋರಿಸಿದ್ದಕ್ಕೊಂದು, ಇರುವ ಕಡೆ ಬಿಟ್ಟದ್ದಕ್ಕೊಂದು, ಎರಡು ಬಾರಿ ಅಂಕ ಕಳೆಯುತ್ತಾರೆ. ಸುಳಿಯನ್ನೇ ತೋರಿಸದ ಮಸುಕು ಮಾದರಿಗೆ ಜಾಸ್ತಿ ಅಂಕ! 2022ರ ಡಿಸೆಂಬರಿನಲ್ಲಿ ಹಾರಿದ ಸ್ವಾಟ್ ಉಪಗ್ರಹ ಸುಮಾರು 120 ಕಿಲೋಮೀಟರ್ ಅಗಲದ ಪಟ್ಟಿಯಲ್ಲಿ ನೀರಿನ ಮಟ್ಟ ಅಳೆಯುತ್ತಿದೆ. ಸಣ್ಣ ಸುಳಿಗಳು ನಿಜಕ್ಕೂ ಎಲ್ಲಿವೆ ಎಂದು ಹೋಲಿಸಿ ನೋಡುವ ಕೆಲಸ ಈಗ ನಡೆದಿದೆ.