ಸಿಸ್ಟಮ್‌ಡಿ ಇಲ್ಲದ ಲಿನಕ್ಸ್‌ನಲ್ಲಿ ಲಾಗ್‌ರೊಟೇಟ್: ಎಲ್ಲಿ ಕೆಡುತ್ತದೆ, ಹೇಗೆ ಸರಿ ಮಾಡುವುದು

ಬೆಳೆಯುತ್ತಾ ಹೋಗುವ ಲಾಗ್ ಫೈಲನ್ನು ಪಕ್ಕಕ್ಕಿಟ್ಟು ಹೊಸದನ್ನು ಶುರು ಮಾಡುವ, ಅಂದರೆ ‘ರೊಟೇಟ್’ ಮಾಡುವ ಲಾಗ್‌ರೊಟೇಟ್ ಡೀಮನ್ ಅಲ್ಲ. ಹಿನ್ನೆಲೆಯಲ್ಲಿ ಓಡುತ್ತಾ ಕೂತಿರುವುದಿಲ್ಲ. ಯಾರಾದರೂ ಕರೆದಾಗ ಬಂದು, ಕಾನ್ಫಿಗ್ ಓದಿ, ಯಾವ ಫೈಲ್ ಹಿಂದೆ ಯಾವಾಗ ರೊಟೇಟ್ ಆಗಿತ್ತು ಅಂತ ಸ್ಟೇಟ್ ಫೈಲ್‌ನಲ್ಲಿ ನೋಡಿ, ಕೆಲಸ ಮುಗಿಸಿ ಹೋಗುತ್ತದೆ, ಅಷ್ಟೆ. ಹಾಗಿದ್ದ ಮೇಲೆ ಪಿಐಡಿ 1 ಆಗಿ (ಅಂದರೆ ಎಲ್ಲಕ್ಕಿಂತ ಮೊದಲು ಶುರುವಾಗಿ ಉಳಿದ ಸರ್ವೀಸ್‌ಗಳನ್ನು ನಡೆಸುವ ಪ್ರೋಸೆಸ್ ಆಗಿ) ಸಿಸ್ಟಮ್‌ಡಿ ಇರಲಿ, ಬೇರೆ ಯಾವ ಇನಿಟ್ ಇದ್ದರೇನು ಅಂತ ಅನ್ನಿಸುತ್ತದೆ, ಅಲ್ವಾ? ಆದರೆ ಎರಡು ಕಡೆ ಇನಿಟ್‌ನ ಸಂಬಂಧ ಬಂದೇ ಬರುತ್ತದೆ. ಲಾಗ್‌ರೊಟೇಟನ್ನು ದಿನಾ ಕರೆಯುವವರು ಯಾರು ಅನ್ನುವುದು ಒಂದು. ರೊಟೇಟ್ ಆದ ಮೇಲೆ ಸರ್ವೀಸ್‌ಗೆ ‘ಲಾಗ್ ಫೈಲ್ ಮತ್ತೆ ತೆರೆದುಕೋ’ ಅಂತ ತಿಳಿಸುವವರು ಯಾರು ಅನ್ನುವುದು ಇನ್ನೊಂದು. ಓಪನ್‌ಆರ್‌ಸಿ, ರನಿಟ್, ಎಸ್6, ಡಿನಿಟ್, ಹಳೆಯ ಸಿಸ್‌ವಿ ಇನಿಟ್, ಯಾವುದೇ ಇರಲಿ, ಮೊದಲು ಹುಡುಕಬೇಕಾದದ್ದು ಈ ಎರಡು ಕಡೆ.

ಕರೆಯುವ ವಿಷಯ ಸುಲಭ, ಅದನ್ನು ಬೇಗ ಮುಗಿಸೋಣ. ಡೆಬಿಯನ್ ಪ್ಯಾಕೇಜ್‌ನಲ್ಲಿ ಸಿಸ್ಟಮ್‌ಡಿ ಟೈಮರ್ ಇರುತ್ತದೆ, ಜೊತೆಗೆ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಪ್ರೋಗ್ರಾಮ್) ದಿನಾ ನೋಡುವ ‘ಕ್ರಾನ್ ಡೈಲಿ’ ಡೈರೆಕ್ಟರಿಯಲ್ಲಿ ಒಂದು ಸ್ಕ್ರಿಪ್ಟ್ ಕೂಡ ಇರುತ್ತದೆ. ಆ ಸ್ಕ್ರಿಪ್ಟ್ ಶುರುವಿನಲ್ಲೇ ‘/ರನ್/ಸಿಸ್ಟಮ್‌ಡಿ/ಸಿಸ್ಟಮ್’ ಅನ್ನುವ ಡೈರೆಕ್ಟರಿ ಇದೆಯಾ ಅಂತ ನೋಡುತ್ತದೆ. ಇದ್ದರೆ ಟೈಮರ್ ನೋಡಿಕೊಳ್ಳುತ್ತದೆ ಅಂತ ಸುಮ್ನೆ ಹೊರಬರುತ್ತದೆ, ಇಲ್ಲದಿದ್ದರೆ ಲಾಗ್‌ರೊಟೇಟನ್ನು ಓಡಿಸುತ್ತದೆ. ಹಾಗಾಗಿ ದೇವುವಾನ್‌ನಂಥ (ಸಿಸ್ಟಮ್‌ಡಿ ಇಲ್ಲದ ಡೆಬಿಯನ್) ಕಡೆ ಕ್ರಾನ್ ಇದ್ದರೆ ಸಾಕು. ಆಲ್ಪೈನ್‌ನಲ್ಲಿ ಬಿಸಿಬಾಕ್ಸ್‌ನ ಕ್ರಾನ್‌ಡಿ ‘/ಇಟಿಸಿ/ಪೀರಿಯಾಡಿಕ್/ಡೈಲಿ’ ಒಳಗಿನದನ್ನು ಓಡಿಸುತ್ತದೆ, ಆದರೆ ಕ್ರಾನ್‌ಡಿ ಸರ್ವೀಸ್ ಚಾಲೂ ಇರಬೇಕು. ವಾಯ್ಡ್‌ನಲ್ಲಿ ಕ್ರಾನ್ ತಾನಾಗಿ ಬರುವುದಿಲ್ಲ. ಕ್ರೋನಿ ಅಥವಾ ಸ್ನೂಜ್ ಥರದ್ದು ನಾವೇ ಹಾಕಿಕೊಂಡು ‘/ವರ್/ಸರ್ವೀಸ್’ಗೆ ಲಿಂಕ್ ಮಾಡಬೇಕು. ರಾತ್ರಿ ಆಫ್ ಆಗುವ ಮಷೀನ್ ಆದರೆ ತಪ್ಪಿಹೋದ ಕೆಲಸವನ್ನು ಆಮೇಲೆ ಓಡಿಸುವ ಅನಾಕ್ರಾನ್ ಬೇಕಾಗುತ್ತದೆ. ಎಲ್ಲಾ ಸರಿಯಿದೆಯಾ ಅಂತ ನೋಡಲು ಸ್ಟೇಟ್ ಫೈಲ್ ತೆರೆದರೆ ಸಾಕು. ಡೆಬಿಯನ್ ಬಳಗದಲ್ಲಿ ಅದು ‘/ವರ್/ಲಿಬ್/ಲಾಗ್‌ರೊಟೇಟ್/ಸ್ಟೇಟಸ್’. ಅದರಲ್ಲಿ ಎಲ್ಲಾ ತಾರೀಖುಗಳೂ ಹಳೆಯದಾಗಿಯೇ ಉಳಿದಿದ್ದರೆ ಲಾಗ್‌ರೊಟೇಟನ್ನು ಯಾರೂ ಕರೆಯುತ್ತಿಲ್ಲ ಅಂತ ಅರ್ಥ.

ನಿಜವಾದ ತಲೆನೋವು ಎರಡನೆಯದು. ಅದು ಸದ್ದಿಲ್ಲದೆ ಕೆಡುತ್ತದೆ.

ಎಂಜಿನ್‌ಎಕ್ಸ್ ವೆಬ್ ಸರ್ವರ್ ‘ಆಕ್ಸೆಸ್.ಲಾಗ್’ ಫೈಲನ್ನು ತೆರೆದು ಬರೆಯುತ್ತಿದೆ ಅಂತ ಇಟ್ಟುಕೊಳ್ಳಿ. ಲಾಗ್‌ರೊಟೇಟ್ ಬಂದು ಅದರ ಹೆಸರನ್ನು ‘ಆಕ್ಸೆಸ್.ಲಾಗ್.1’ ಅಂತ ಬದಲಾಯಿಸುತ್ತದೆ, ಹಳೇ ಹೆಸರಿನಲ್ಲಿ ಖಾಲಿ ಫೈಲ್ ಒಂದನ್ನು ಹುಟ್ಟಿಸುತ್ತದೆ. ಆದರೆ ಎಂಜಿನ್‌ಎಕ್ಸ್ ಹಿಡಿದಿರುವುದು ಹೆಸರನ್ನಲ್ಲ, ಇನೋಡನ್ನು, ಅಂದರೆ ಹೆಸರಿನ ಹಿಂದಿರುವ ನಿಜವಾದ ಫೈಲನ್ನು. ಹೆಸರು ಬದಲಾದರೂ ಅದು ಅದೇ ಇನೋಡ್‌ಗೆ, ಅಂದರೆ ಈಗಿನ ‘.1’ ಫೈಲ್‌ಗೇ ಬರೆಯುತ್ತಾ ಹೋಗುತ್ತದೆ. ಅದಕ್ಕೇ ಕಾನ್ಫಿಗ್‌ನಲ್ಲಿ ಪೋಸ್ಟ್‌ರೊಟೇಟ್ ಅಂತ ಒಂದು ಭಾಗ ಇರುವುದು. ಅಲ್ಲಿಂದ ಸರ್ವೀಸ್‌ಗೆ ಒಂದು ಸಿಗ್ನಲ್ ಹೋಗಬೇಕು. ಎಂಜಿನ್‌ಎಕ್ಸ್‌ಗೆ ಯುಎಸ್‌ಆರ್1 ಅನ್ನುವ ಸಿಗ್ನಲ್, ಸಿಸ್ಟಮ್ ಲಾಗ್ ಬರೆಯುವ ಆರ್‌ಸಿಸ್‌ಲಾಗ್‌ಗೆ ಹಪ್ ಅನ್ನುವುದು.

ಈ ಪೋಸ್ಟ್‌ರೊಟೇಟ್ ಒಳಗೆ ಸಿಸ್ಟಮ್‌ಡಿಯ ಆದೇಶವಾದ ‘ಸಿಸ್ಟಮ್‌ಸಿಟಿಎಲ್ ರೀಲೋಡ್’ ಅಂತ ನೇರವಾಗಿ ಬರೆದಿಟ್ಟರೆ ಬೇರೆ ಇನಿಟ್ ಇರುವಲ್ಲಿ ಅದು ನಡೆಯುವುದಿಲ್ಲ. ಎರರ್ ಕಣ್ಣಿಗೆ ಬಿದ್ದರೆ ಪರವಾಗಿಲ್ಲ, ಆದರೆ ತುಂಬಾ ಕಾನ್ಫಿಗ್‌ಗಳಲ್ಲಿ ಔಟ್‌ಪುಟ್ಟನ್ನು ‘/ಡೆವ್/ನಲ್’ಗೆ ಕಳಿಸಿ (ಅಂದರೆ ಬಿಸಾಕಿ) ಕೊನೆಗೆ, ಸೋತರೂ ಗೆದ್ದಂತೆ ಎಣಿಸುವ ‘ಆರ್ ಟ್ರೂ’ (|| true) ಅಂತಲೂ ಸೇರಿಸಿರುತ್ತಾರೆ, ಹಾಗಾಗಿ ಎಲ್ಲಾ ಸರಿಯಾಗಿದೆ ಅಂತಲೇ ಕಾಣುತ್ತದೆ. ಆಮೇಲೆ ಏನಾಗುತ್ತದೆ ಅನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಿ. ಕಾನ್ಫಿಗ್‌ನಲ್ಲಿ ‘ಕ್ರಿಯೇಟ್’ (ಹೊಸ ಖಾಲಿ ಫೈಲ್ ಮಾಡು), ‘ನಾಟಿಫ್‌ಎಂಪ್ಟಿ’ (ಖಾಲಿ ಇದ್ದರೆ ರೊಟೇಟ್ ಬೇಡ) ಮತ್ತು ‘ಡಿಲೇಕಂಪ್ರೆಸ್’ (ಕುಗ್ಗಿಸುವುದನ್ನು ಮುಂದಿನ ಸಲಕ್ಕೆ ಬಿಡು) ಮೂರೂ ಇವೆ, ಇದು ತುಂಬಾ ಸಾಮಾನ್ಯವಾದ ಜೋಡಣೆ. ಸಿಗ್ನಲ್ ಹೋಗಲಿಲ್ಲ, ಹಾಗಾಗಿ ಹೊಸ ‘ಆಕ್ಸೆಸ್.ಲಾಗ್’ ಸೊನ್ನೆ ಬೈಟ್‌ನಲ್ಲೇ ಉಳಿಯುತ್ತದೆ. ಮಾರನೇ ದಿನ ಲಾಗ್‌ರೊಟೇಟ್ ಬಂದು ನೋಡುತ್ತದೆ, ಫೈಲ್ ಖಾಲಿ ಇದೆ, ನಾಟಿಫ್‌ಎಂಪ್ಟಿ ಅಂತ ಬೇರೆ ಹೇಳಿದ್ದಾರೆ, ಬಿಟ್ಟುಬಿಡುತ್ತದೆ. ಅದರ ಮಾರನೇ ದಿನವೂ ಅಷ್ಟೇ. ಅತ್ತ ‘.1’ ಫೈಲ್ ಮಾತ್ರ ಡಿಸ್ಕ್ ತುಂಬುವವರೆಗೂ ಬೆಳೆಯುತ್ತಲೇ ಇರುತ್ತದೆ. ಡಿಲೇಕಂಪ್ರೆಸ್ ಇಲ್ಲದೆ ಬರೀ ‘ಕಂಪ್ರೆಸ್’ ಇದ್ದರೆ ಇನ್ನೂ ಕೆಟ್ಟದ್ದು: ಜಿಜಿಪ್‌ನಿಂದ ಕುಗ್ಗಿಸಿದ ಮೇಲೆ ಮೂಲ ಫೈಲ್ ಅಳಿಸಿಹೋಗುತ್ತದೆ, ಸರ್ವೀಸ್ ಹೆಸರೇ ಇಲ್ಲದ ಇನೋಡ್‌ಗೆ ಬರೆಯುತ್ತಿರುತ್ತದೆ, ಆ ಸಾಲುಗಳು ಯಾರಿಗೂ ಕಾಣುವುದಿಲ್ಲ, ಡಿಸ್ಕ್‌ನಲ್ಲಿ ಅವು ಹಿಡಿದ ಜಾಗವೂ ಬಿಡುಗಡೆಯಾಗುವುದಿಲ್ಲ. ಡಿಸ್ಕ್‌ನ ಜಾಗ ಹೇಳುವ ‘ಡಿಎಫ್’ ಆದೇಶ ಡಿಸ್ಕ್ ತುಂಬಿದೆ ಅನ್ನುತ್ತದೆ, ಫೈಲ್‌ಗಳ ಗಾತ್ರ ಕೂಡಿಸುವ ‘ಡಿಯು’ ಲೆಕ್ಕದಲ್ಲಿ ಏನೂ ಸಿಗುವುದಿಲ್ಲ. ಇಂಥ ಹೊತ್ತಿನಲ್ಲಿ ‘ಎಲ್‌ಎಸ್‌ಓಎಫ್’ ಆದೇಶವನ್ನು ‘+ಎಲ್1’ ಆಯ್ಕೆಯೊಂದಿಗೆ ಓಡಿಸಿದರೆ ಅಳಿಸಿದ ಮೇಲೂ ತೆರೆದೇ ಇರುವ ಫೈಲ್‌ಗಳು ಹೊರಬೀಳುತ್ತವೆ.

ಹಾಗಾದರೆ ಸಿಗ್ನಲ್ ಕಳಿಸುವುದು ಹೇಗೆ? ಒಂದೊಂದು ಇನಿಟ್‌ಗೆ ಒಂದೊಂದು ರೀತಿ. ಓಪನ್‌ಆರ್‌ಸಿಯಲ್ಲಿ ‘ಆರ್‌ಸಿ-ಸರ್ವೀಸ್ ಎಂಜಿನ್‌ಎಕ್ಸ್ ರೀಲೋಡ್’. ಅದಕ್ಕೆ ‘ಇಫ್‌ಸ್ಟಾರ್ಟೆಡ್’ ಆಯ್ಕೆ ಸೇರಿಸಿದರೆ ಸರ್ವೀಸ್ ಓಡುತ್ತಿದ್ದಾಗ ಮಾತ್ರ ಕೆಲಸ ಮಾಡುತ್ತದೆ. ಸಿಸ್‌ವಿಯಲ್ಲಿ ‘ಸರ್ವೀಸ್’ ಆದೇಶ. ರನಿಟ್‌ನಲ್ಲಿ ‘ಎಸ್‌ವಿ ಹಪ್’, ಯುಎಸ್‌ಆರ್1 ಬೇಕಾದರೆ ‘ಎಸ್‌ವಿ 1’. ಎಸ್6ನಲ್ಲಿ ‘ಎಸ್6-ಎಸ್‌ವಿಸಿ’ಗೆ ‘-ಎಚ್’ ಅಥವಾ ‘-1’ ಕೊಟ್ಟು ಸರ್ವೀಸ್ ಡೈರೆಕ್ಟರಿ ತೋರಿಸಬೇಕು. ಡಿನಿಟ್‌ನಲ್ಲಿ ‘ಡಿನಿಟ್‌ಸಿಟಿಎಲ್ ಸಿಗ್ನಲ್’.

ರನಿಟ್ ಮತ್ತು ಎಸ್6 ಬಳಸುವವರು ಇಲ್ಲಿ ಒಂದು ಕಡೆ ಎಚ್ಚರವಾಗಿರಬೇಕು. ಇವು ಸಿಗ್ನಲ್ ಕಳಿಸುವುದು ತಾವು ನೇರವಾಗಿ ಶುರು ಮಾಡಿದ ಪ್ರೋಸೆಸ್‌ಗೆ. ‘ರನ್’ ಸ್ಕ್ರಿಪ್ಟ್‌ನ ಕೊನೆಯ ಸಾಲಿನಲ್ಲಿ ‘ಎಕ್ಸೆಕ್’ ಇದ್ದರೆ ಶೆಲ್‌ನ ಜಾಗಕ್ಕೆ ಸರ್ವೀಸ್ ಬಂದು ಕೂರುತ್ತದೆ, ಸಿಗ್ನಲ್ ಸರಿಯಾದ ಕಡೆಗೇ ಹೋಗುತ್ತದೆ. ಎಕ್ಸೆಕ್ ಬಿಟ್ಟುಹೋಗಿದ್ದರೆ ಹಪ್ ಬೀಳುವುದು ಶೆಲ್ ಮೇಲೆ. ಶೆಲ್ ಸಾಯುತ್ತದೆ, ಸರ್ವೀಸ್ ಅನಾಥವಾಗಿ ಹಳೇ ಫೈಲ್‌ಗೇ ಬರೆಯುತ್ತಿರುತ್ತದೆ, ಮೇಲ್ವಿಚಾರಕ ಪ್ರೋಸೆಸ್ ಹೊಸದೊಂದನ್ನು ಶುರು ಮಾಡಲು ಹೋಗುತ್ತದೆ, ಪೋರ್ಟ್ ಆಗಲೇ ಬಳಕೆಯಲ್ಲಿದೆ ಅಂತ ಅದು ಬಿದ್ದುಹೋಗುತ್ತದೆ. ಲಾಗ್ ರೊಟೇಶನ್ ಆದ ಹೊತ್ತಿಗೇ ಸರ್ವೀಸ್ ಹಾಳಾಯಿತು ಅಂತಾದರೆ ನಾನು ಮೊದಲು ನೋಡುವುದು ಈ ಎಕ್ಸೆಕ್ ಇದೆಯಾ ಅಂತ.

ಒಂದೇ ಕಾನ್ಫಿಗ್ ಎಲ್ಲಾ ಇನಿಟ್‌ಗಳಲ್ಲೂ ನಡೆಯಬೇಕು ಅಂದರೆ ಈಗ ಯಾವುದು ಓಡುತ್ತಿದೆ ಅಂತ ಪತ್ತೆ ಹಚ್ಚಬೇಕು. ‘ಸಿಸ್ಟಮ್‌ಸಿಟಿಎಲ್ ಆದೇಶ ಇದೆಯಾ’ ಅಂತ ಕೇಳುವುದು ತಪ್ಪು ಪ್ರಶ್ನೆ. ಕಂಟೇನರ್ ಒಳಗೆ ಆ ಬೈನರಿ ಇರಬಹುದು, ಆದರೆ ಪಿಐಡಿ 1 ಬೇರೆಯೇ ಆಗಿರಬಹುದು. ಮೇಲೆ ಹೇಳಿದ ‘/ರನ್/ಸಿಸ್ಟಮ್‌ಡಿ/ಸಿಸ್ಟಮ್’ ಡೈರೆಕ್ಟರಿಯನ್ನೇ ನೋಡಿ, ಸಿಸ್ಟಮ್‌ಡಿಯ ಸ್ವಂತ ಲೈಬ್ರರಿ ಕೂಡ ಅದನ್ನೇ ನೋಡುತ್ತದೆ. ಓಪನ್‌ಆರ್‌ಸಿಗೆ ‘/ರನ್/ಓಪನ್‌ಆರ್‌ಸಿ’. ಈ ಇಫ್-ಎಲ್ಸ್ ಸರಪಳಿಯನ್ನು ಪ್ರತಿ ಕಾನ್ಫಿಗ್‌ನಲ್ಲೂ ಬರೆಯಬೇಡಿ. ಒಂದು ಚಿಕ್ಕ ಸ್ಕ್ರಿಪ್ಟ್ ಮಾಡಿ, ಸರ್ವೀಸ್ ಹೆಸರು ಮತ್ತು ಸಿಗ್ನಲ್ ಎರಡನ್ನು ಅದಕ್ಕೆ ಕೊಟ್ಟು, ಪೋಸ್ಟ್‌ರೊಟೇಟ್‌ನಿಂದ ಅದನ್ನು ಕರೆದರೆ ಸಾಕು. ಡೆಬಿಯನ್‌ನಲ್ಲಿ ಆರ್‌ಸಿಸ್‌ಲಾಗ್‌ಗೆ ಇಂಥದ್ದೇ ಒಂದು ಪುಟ್ಟ ಸ್ಕ್ರಿಪ್ಟ್ ಇದೆ, ಓದಿ ನೋಡಿ, ಕೆಲವೇ ಸಾಲು.

ಇನಿಟ್‌ನ ಗೊಡವೆಯೇ ಬೇಡ ಅಂದರೆ ಪಿಐಡಿ ಫೈಲ್ (ಸರ್ವೀಸ್‌ನ ಪ್ರೋಸೆಸ್ ಸಂಖ್ಯೆ ಇರುವ ಫೈಲ್) ಓದಿ ‘ಕಿಲ್’ ಆದೇಶದಿಂದ ನೇರವಾಗಿ ಸಿಗ್ನಲ್ ಕಳಿಸಬಹುದು. ಎಂಜಿನ್‌ಎಕ್ಸ್‌ನಂತೆ ತಾನೇ ಪಿಐಡಿ ಫೈಲ್ ಬರೆಯುವ ಸರ್ವೀಸ್‌ಗಳಿಗೆ ನನಗೆ ಇದೇ ಇಷ್ಟ. ಆದರೆ ‘ಫೈಲ್ ಇದ್ದರೆ ಆಂಡ್ ಆಂಡ್ (&&) ಕಿಲ್’ ಅಂತ ಒಂದೇ ಸಾಲಿನಲ್ಲಿ ಮುಗಿಸಬೇಡಿ. ಫೈಲ್ ಇಲ್ಲದಾಗ ಆ ಸಾಲು 1 ಅನ್ನು ಹಿಂದಿರುಗಿಸುತ್ತದೆ, ಲಾಗ್‌ರೊಟೇಟ್ ಅದನ್ನು ಎರರ್ ಅಂತ ಎಣಿಸುತ್ತದೆ. ಪೂರ್ತಿ ‘ಇಫ್’ ಬರೆಯಿರಿ. ಇನ್ನೊಂದು ದಾರಿ ‘ಕಾಪಿಟ್ರಂಕೇಟ್’. ಇದರಲ್ಲಿ ಸಿಗ್ನಲ್ಲೇ ಬೇಡ, ಲಾಗ್‌ರೊಟೇಟ್ ಫೈಲ್ ಕಾಪಿ ಮಾಡಿ ಮೂಲವನ್ನು ಸೊನ್ನೆಗೆ ಕತ್ತರಿಸುತ್ತದೆ. ಆದರೆ ಕಾಪಿಗೂ ಕತ್ತರಿಗೂ ನಡುವೆ ಬಂದ ಸಾಲುಗಳು ಹೋದವು ಅಂತಲೇ. ಅಪೆಂಡ್ ಮೋಡ್‌ನಲ್ಲಿ ತೆರೆಯದ ಪ್ರೋಗ್ರಾಮ್ ಆದರೆ ಹಳೇ ಆಫ್‌ಸೆಟ್‌ನಿಂದಲೇ ಬರೆದು, ಶುರುವಿನಲ್ಲೆಲ್ಲಾ ಸೊನ್ನೆ ಬೈಟ್‌ಗಳೇ ತುಂಬಿದ ಫೈಲ್ ಆಗುತ್ತದೆ. ಬೇರೆ ದಾರಿ ಇಲ್ಲದಾಗ ಮಾತ್ರ ಇದನ್ನು ಬಳಸಿ.

ರನಿಟ್, ಎಸ್6 ಲೋಕದಲ್ಲಿ ಇದಕ್ಕಿಂತ ಚೆನ್ನಾದ ಉಪಾಯ ಇದೆ. ಸರ್ವೀಸ್ ತನ್ನ ಲಾಗನ್ನು ಸ್ಟ್ಯಾಂಡರ್ಡ್ ಔಟ್‌ಪುಟ್‌ಗೆ ಬರೆಯಲಿ, ಪೈಪ್‌ನ ಆಚೆ ತುದಿಯಲ್ಲಿ ‘ಎಸ್‌ವಿಲಾಗ್‌ಡಿ’ ಅಥವಾ ‘ಎಸ್6-ಲಾಗ್’ ಕೂತಿರಲಿ. ಬರೆಯುವವರೂ ರೊಟೇಟ್ ಮಾಡುವವರೂ ಒಬ್ಬರೇ ಆದ್ದರಿಂದ ಸಿಗ್ನಲ್, ಇನೋಡ್ ಯಾವ ರಗಳೆಯೂ ಇಲ್ಲ. ಎಸ್‌ವಿಲಾಗ್‌ಡಿ ಡೀಫಾಲ್ಟ್ ಆಗಿ 10,00,000 ಬೈಟ್ ಆದಾಗ ‘ಕರೆಂಟ್’ ಫೈಲನ್ನು ಪಕ್ಕಕ್ಕಿಟ್ಟು 10 ಹಳೇ ಫೈಲ್ ಉಳಿಸುತ್ತದೆ. ಎಸ್6-ಲಾಗ್‌ಗೆ ಈ ಮಿತಿ 99,999 ಬೈಟ್, ತುಂಬಾ ಮಾತಾಡುವ ಸರ್ವೀಸ್‌ಗೆ ಇದು ಸಾಲದು, ಜಾಸ್ತಿ ಮಾಡಿಕೊಳ್ಳಿ. ಎರಡಕ್ಕೂ ಅಲಾರ್ಮ್ ಸಿಗ್ನಲ್ ಕೊಟ್ಟರೆ ತಕ್ಷಣ ರೊಟೇಟ್ ಮಾಡುತ್ತವೆ. ಈ ‘ಕರೆಂಟ್’ ಫೈಲ್ ಮೇಲೆ ಲಾಗ್‌ರೊಟೇಟನ್ನು ಮಾತ್ರ ಬಿಡಬೇಡಿ.

ಕೊನೆಗೆ ಪರೀಕ್ಷೆ. ‘-ಡಿ’ ಆಯ್ಕೆ ಏನಾಗುತ್ತದೆ ಅಂತ ಹೇಳುತ್ತದೆ ಅಷ್ಟೆ, ಪೋಸ್ಟ್‌ರೊಟೇಟನ್ನು ಓಡಿಸುವುದಿಲ್ಲ. ಹಾಗಾಗಿ ನಮ್ಮ ತೊಂದರೆ ಅದರಲ್ಲಿ ಸಿಕ್ಕಿಬೀಳುವುದಿಲ್ಲ. ‘-ವಿ’ ಮತ್ತು ‘-ಎಫ್’ ಕೊಟ್ಟು ನಿಜವಾಗಿಯೇ ಓಡಿಸಿ, ಆಮೇಲೆ ‘/ಪ್ರಾಕ್’ ಒಳಗೆ ಆ ಸರ್ವೀಸ್‌ನ ಪಿಐಡಿ ಡೈರೆಕ್ಟರಿಗೆ ಹೋಗಿ, ತೆರೆದಿರುವ ಫೈಲ್‌ಗಳನ್ನು ತೋರಿಸುವ ‘ಎಫ್‌ಡಿ’ ಡೈರೆಕ್ಟರಿಯ ಪಟ್ಟಿ ಮಾಡಿ. ಅಲ್ಲಿನ ಲಿಂಕ್ ‘ಆಕ್ಸೆಸ್.ಲಾಗ್’ ಕಡೆಗೆ ತೋರಿಸುತ್ತಿದ್ದರೆ ಸಿಗ್ನಲ್ ತಲುಪಿದೆ. ‘.1’ ಅಂತಲೋ ‘ಡಿಲೀಟೆಡ್’ ಅಂತಲೋ ಇದ್ದರೆ ತಲುಪಿಲ್ಲ. ಆಗ ಪೋಸ್ಟ್‌ರೊಟೇಟ್‌ನಿಂದ ‘/ಡೆವ್/ನಲ್’ ಮತ್ತು ‘ಆರ್ ಟ್ರೂ’ ಎರಡನ್ನೂ ತೆಗೆದು ಇನ್ನೊಮ್ಮೆ ಓಡಿಸಿ, ಎರರ್ ಏನು ಬರುತ್ತದೆ ಅಂತ ಓದಿ.